ಹೆಸರು ಕೇಳದ ಹಗೆ

ಯಾರಾದರೂ ಬಾಗಿಲು ತಟ್ಟಿದರೆ ಒಳಗಿನಿಂದ ನಾವು ಮೊದಲು ಕೇಳುವ ಮಾತು "ಯಾರು?" ಎಂದು. ಬಂದವರು ಹೊಸಬರಾದರೆ ಕೂರಲು ಹೇಳಿ, ಕುಡಿಯಲು ನೀರು ಕೊಟ್ಟು, "ತಮ್ಮ ಹೆಸರೇನು? ಯಾವೂರಾಯಿತು ತಮ್ಮದು?" ಎಂದು ವಿಚಾರಿಸುತ್ತೇವೆ. ಇದು ನಮ್ಮ ಕಡೆಯ ಹಳೆಯ ರೂಢಿ. ಹೆಸರು, ಊರು ಇಷ್ಟು ತಿಳಿದ ಮೇಲೆ ಬಂದವರು ಬರಿಯ ಅಪರಿಚಿತರಾಗಿ ಉಳಿಯುವುದಿಲ್ಲ. ಮಾತು ಮುಂದುವರಿಯುವುದಕ್ಕೆ ಒಂದು ಎಳೆ ಸಿಕ್ಕಿಬಿಡುತ್ತದೆ.

ಜಗಳಕ್ಕೂ ಈ ಮಾತು ಸಲ್ಲುತ್ತದೆ. ಹೊಲದ ಬದುವಿಗಾಗಿ, ಕಾಲುವೆಯ ನೀರಿನ ಸರದಿಗಾಗಿ, ಪಿತ್ರಾರ್ಜಿತ ಆಸ್ತಿಯ ಪಾಲಿಗಾಗಿ ಹೊಡೆದಾಡಿದವರನ್ನು ನಾವೆಲ್ಲ ಕಂಡಿದ್ದೇವೆ. ಅದೇನೂ ಒಳ್ಳೆಯ ಸಂಗತಿಯಲ್ಲ. ಆದರೂ ಅಲ್ಲಿ ಹಗೆಗೆ ಒಂದು ಹೆಸರಿರುತ್ತದೆ, ಒಂದು ಕಾರಣವಿರುತ್ತದೆ. ಇಂಥವರ ಮಗ ಇಂಥವನು ನನಗೆ ಇಂಥ ಅನ್ಯಾಯ ಮಾಡಿದ ಎಂದು ಹೇಳುವವನು ಇರುತ್ತಾನೆ. ಕಾರಣ ಇದ್ದ ಮೇಲೆ ಊರಿನ ಹಿರಿಯರು ಕುಳಿತು ರಾಜಿ ಮಾಡಿಸುವುದಕ್ಕೂ ದಾರಿ ಉಂಟು.

ಈಗ ನಾವು ವಿಚಾರ ಮಾಡಬೇಕಾಗಿರುವ ಹಗೆ ಬೇರೆ ಬಗೆಯದು. ಅದಕ್ಕೆ ಎದುರಿಗಿರುವವನ ಹೆಸರು ಬೇಕಿಲ್ಲ. ಅವನು ಮಾಡಿದ ತಪ್ಪೂ ಬೇಕಿಲ್ಲ. ಮೈಯ ಬಣ್ಣ, ಕಣ್ಣಿನ ಆಕಾರ, ತಲೆಗೂದಲು, ಆಡುವ ನುಡಿ, ಇಷ್ಟರಲ್ಲಿ ಯಾವುದಾದರೊಂದು ಕಣ್ಣಿಗೆ ಬಿದ್ದರೆ ಸಾಕು. ಇದನ್ನು ಜನಾಂಗದ್ವೇಷವೆಂದು ಕರೆಯುತ್ತಾರೆ. ಇಂಥ ದ್ವೇಷದಿಂದ ನಡೆಯುವ ಅಪರಾಧಕ್ಕೆ ದ್ವೇಷಾಪರಾಧವೆಂಬ ಹೆಸರು ಬಂದಿದೆ. ವಿದ್ಯೆ, ವಿಜ್ಞಾನ, ಮತದಾನ ಎಲ್ಲವೂ ಇರುವ ಆಧುನಿಕ ಸಮಾಜದಲ್ಲಿ ಇದು ಹೇಗೆ ಬದುಕಿರುತ್ತದೆ? ಕಾನೂನು ಇದನ್ನು ಹೇಗೆ ಎದುರಿಸಿದೆ? ಇದನ್ನು ತಿಳಿಯುವುದಕ್ಕೆ ಲಂಡನ್ ನಗರದಲ್ಲಿ ೧೯೯೩ರಲ್ಲಿ ನಡೆದ ಒಂದು ಕೊಲೆಯ ವೃತ್ತಾಂತವನ್ನು ಸ್ವಲ್ಪ ವಿವರವಾಗಿ ನೋಡೋಣ. ಆ ಒಂದು ಪ್ರಕರಣ ಒಂದು ದೇಶದ ಕಾನೂನನ್ನೇ ಬದಲಿಸಿತು.

ಮೊದಲು ಹಿನ್ನೆಲೆಯ ಎರಡು ಮಾತು. ಎರಡನೆಯ ಮಹಾಯುದ್ಧ ಮುಗಿದಾಗ ಬ್ರಿಟನ್ನಿನಲ್ಲಿ ಮಾಡಬೇಕಾದ ಕೆಲಸ ಬಹಳವಿತ್ತು, ಮಾಡುವವರು ಕಡಿಮೆ ಇದ್ದರು. ೧೯೪೮ರ ಜೂನ್ ೨೨ರಂದು 'ಎಂಪೈರ್ ವಿಂಡ್‌ರಷ್' ಎಂಬ ಹಡಗು ಕೆರಿಬಿಯನ್ ದ್ವೀಪಗಳ ನೂರಾರು ಜನರನ್ನು ಲಂಡನ್ನಿನ ಬಳಿಯ ಟಿಲ್ಬರಿ ಬಂದರಿನಲ್ಲಿ ಇಳಿಸಿತು. ಮುಂದಿನ ವರ್ಷಗಳಲ್ಲಿ ಜಮೈಕಾ, ಬಾರ್ಬಡೋಸ್ ಮುಂತಾದ ಕಡೆಗಳಿಂದ ಸಾವಿರಾರು ಮಂದಿ ಬಂದರು. ನಮ್ಮ ಪಂಜಾಬು, ಗುಜರಾತುಗಳಿಂದಲೂ ಹೋದರು. ಬಸ್ಸು ನಡೆಸುವುದಕ್ಕೆ, ಆಸ್ಪತ್ರೆಗಳಲ್ಲಿ ದಾದಿಯರಾಗುವುದಕ್ಕೆ, ಕಾರ್ಖಾನೆಗಳ ರಾತ್ರಿ ಪಾಳಿಗೆ ಇವರು ಬೇಕಾಗಿದ್ದರು. ಆದರೆ ಪಕ್ಕದ ಮನೆಗೆ ಮಾತ್ರ ಬೇಡವಾಗಿದ್ದರು. ಬಾಡಿಗೆಗೆ ಕೋಣೆ ಇದೆ, ಬಣ್ಣದವರಿಗೆ ಇಲ್ಲ ಎಂಬ ಅರ್ಥದ ಚೀಟಿಗಳನ್ನು ಕಿಟಕಿಗಳಲ್ಲಿ ಅಂಟಿಸುತ್ತಿದ್ದರು. ಜನಾಂಗಭೇದದ ವಿರುದ್ಧ ಅಲ್ಲಿಯ ಪಾರ್ಲಿಮೆಂಟು ಮೊದಲ ಕಾನೂನು ಮಾಡಿದ್ದು ೧೯೬೫ರಲ್ಲಿ. ಅದು ಹೋಟೆಲು, ಬಸ್ಸುಗಳಂಥ ಸಾರ್ವಜನಿಕ ಸ್ಥಳಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಮನೆ ಬಾಡಿಗೆ ಮತ್ತು ನೌಕರಿಗಳಿಗೆ ಅದು ವಿಸ್ತರಿಸಿದ್ದು ೧೯೬೮ರ ಕಾನೂನಿನಿಂದ.

ಹೀಗೆ ಜಮೈಕಾದಿಂದ ಬಂದು ಲಂಡನ್ನಿನಲ್ಲಿ ನೆಲೆಸಿದವರಲ್ಲಿ ನೆವಿಲ್ ಲಾರೆನ್ಸ್ ಮತ್ತು ಡೊರೀನ್ ಲಾರೆನ್ಸ್ ದಂಪತಿಗಳೂ ಇದ್ದರು. ಅವರ ಹಿರಿಯ ಮಗ ಸ್ಟೀಫನ್. ಹದಿನೆಂಟು ವರ್ಷದ ಹುಡುಗ. ಕಟ್ಟಡಗಳ ನಕ್ಷೆ ಬರೆಯುವ ವಾಸ್ತುಶಿಲ್ಪಿಯಾಗಬೇಕೆಂಬ ಆಸೆ ಇಟ್ಟುಕೊಂಡು ಓದುತ್ತಿದ್ದ.

೧೯೯೩ರ ಏಪ್ರಿಲ್ ೨೨, ಗುರುವಾರ. ರಾತ್ರಿ ಹತ್ತೂವರೆ ಗಂಟೆಯ ಹೊತ್ತು. ಲಂಡನ್ನಿನ ಆಗ್ನೇಯ ಭಾಗದ ಎಲ್ಟಮ್ ಎಂಬ ಬಡಾವಣೆಯಲ್ಲಿ ಸ್ಟೀಫನ್ ಮತ್ತು ಅವನ ಒಬ್ಬ ಗೆಳೆಯ ಮನೆಗೆ ಹೋಗುವ ಬಸ್ಸಿಗಾಗಿ ಕಾಯುತ್ತಿದ್ದರು. ಬಸ್ಸು ಬರುತ್ತಿದೆಯೇ ಎಂದು ನೋಡಲು ಸ್ಟೀಫನ್ ಸ್ವಲ್ಪ ದೂರ ನಡೆದುಹೋದ. ರಸ್ತೆಯ ಆಚೆ ಬದಿಯಿಂದ ಐದಾರು ಮಂದಿ ಬಿಳಿಯ ತರುಣರು ಬಂದರು. ಕರಿಯರನ್ನು ಹೀಯಾಳಿಸುವ ಒಂದು ಬೈಗುಳ ಕೇಳಿಸಿತು. ಮರುಕ್ಷಣವೇ ಅವರು ಸ್ಟೀಫನ್ನನ ಮೇಲೆ ಬಿದ್ದು ಚೂರಿಯಿಂದ ಇರಿದು ಓಡಿಹೋದರು. ಎಲ್ಲ ಸೇರಿ ಹದಿನೈದು ಇಪ್ಪತ್ತು ಸೆಕೆಂಡಿನ ಕೆಲಸ. ಸ್ಟೀಫನ್ ಎದ್ದು, ಗೆಳೆಯನ ಹಿಂದೆ ನೂರು ಮೀಟರಿಗೂ ಹೆಚ್ಚು ದೂರ ಓಡಿ, ಕಾಲುಹಾದಿಯ ಮೇಲೆ ಕುಸಿದುಬಿದ್ದ. ಮತ್ತೆ ಏಳಲಿಲ್ಲ.

ಕೊಂದವರಿಗೆ ಅವನು ಯಾರೆಂದು ಗೊತ್ತಿರಲಿಲ್ಲ. ಅವನಿಗೂ ಅವರು ಗೊತ್ತಿರಲಿಲ್ಲ. ಹಳೆಯ ವೈರವಿಲ್ಲ, ಹಣದ ಆಸೆಯಿಲ್ಲ, ಎದುರುಮಾತಿಲ್ಲ. ಆ ಹೊತ್ತಿಗೆ ಅಲ್ಲಿ ಕರಿಯ ಮೈಬಣ್ಣದ ಬೇರೊಬ್ಬ ಹುಡುಗ ನಿಂತಿದ್ದರೆ ಅವನೇ ಸಾಯುತ್ತಿದ್ದ. ಆ ಸುತ್ತಿನಲ್ಲಿ ಇದು ಮೊದಲ ಸಾವೂ ಅಲ್ಲ. ೧೯೯೧ರಲ್ಲಿ ಸಮೀಪದ ಥೇಮ್ಸ್‌ಮೀಡ್‌ನಲ್ಲಿ ರೋಲನ್ ಆಡಮ್ಸ್ ಎಂಬ ಹದಿನೈದು ವರ್ಷದ ಕರಿಯ ಹುಡುಗನ ಕೊಲೆಯಾಗಿತ್ತು. ೧೯೯೨ರಲ್ಲಿ ಅದೇ ಎಲ್ಟಮ್‌ನಲ್ಲಿ ರೋಹಿತ್ ದುಗ್ಗಲ್ ಎಂಬ ಏಷ್ಯಾ ಮೂಲದ ಹುಡುಗ ಚೂರಿಗೆ ಬಲಿಯಾಗಿದ್ದ.

ಇಲ್ಲಿ ಒಂದು ಸಣ್ಣ ಸಂಗತಿಯನ್ನು ಬಿಡದೆ ಹೇಳಬೇಕು. ಸ್ಟೀಫನ್ ಬಿದ್ದ ಜಾಗದ ಹತ್ತಿರ ಬಿಳಿಯ ದಂಪತಿಗಳಿಬ್ಬರು ಚರ್ಚಿನ ಪ್ರಾರ್ಥನೆ ಮುಗಿಸಿ ಮನೆಗೆ ನಡೆದುಹೋಗುತ್ತಿದ್ದರು. ಇಬ್ಬರು ಕರಿಯ ಹುಡುಗರು ಓಡಿಬರುವುದನ್ನು ಕಂಡಾಗ ಗಂಡನ ಮನಸ್ಸಿನಲ್ಲಿ ಮೊದಲು ಹುಟ್ಟಿದ್ದು ಸಂಶಯ. ಇದು ಸುಲಿಗೆಯ ಉಪಾಯವಿರಬಹುದೇ, ಒಬ್ಬ ಬಿದ್ದಂತೆ ನಟಿಸಿ ಇನ್ನೊಬ್ಬ ಮೇಲೆ ಬೀಳಬಹುದೇ ಎಂದು ಅವರಿಗೆ ಅನ್ನಿಸಿತು. ಮುಂದೆ ವಿಚಾರಣೆಯಲ್ಲಿ ಅವರು ಇದನ್ನು ಮುಚ್ಚಿಡದೆ ಹೇಳಿದರು. ಆದರೆ ಆ ಸಂಶಯದ ಮಾತು ಕೇಳಿ ಅವರು ಮುಂದೆ ಹೋಗಲಿಲ್ಲ. ಹತ್ತಿರ ಬಂದು, ಬಿದ್ದವನ ಪಕ್ಕದಲ್ಲಿ ಮಂಡಿಯೂರಿ ಕುಳಿತರು. ಅವರ ಹೆಂಡತಿ ಹುಡುಗನ ತಲೆಯ ಮೇಲೆ ಕೈಯಿಟ್ಟು ಅವನಿಗೆ ಸಮಾಧಾನದ ಮಾತು ಹೇಳಿದರು. ಮನೆಗೆ ಹೋಗಿ ಕೈಗೆ ಅಂಟಿದ್ದ ರಕ್ತ ತೊಳೆದಾಗ ಆತ ಆ ನೀರನ್ನು ಮೋರಿಗೆ ಚೆಲ್ಲಲಿಲ್ಲ. ಹಿತ್ತಿಲಿನ ಹಳೆಯ ಗುಲಾಬಿ ಗಿಡದ ಬುಡಕ್ಕೆ ಹೊಯ್ದರು.

ಓದುಗರು ಇದನ್ನು ಗಮನಿಸಬೇಕು. ಮನಸ್ಸಿನಲ್ಲಿ ಪೂರ್ವಗ್ರಹವೇ ಹುಟ್ಟದ ಮನುಷ್ಯ ಬಹಳ ಅಪರೂಪ. ಕಥೆಗಳಿಂದ, ಮನೆಮಾತಿನಿಂದ, ಪತ್ರಿಕೆಗಳಿಂದ ಅದು ನಮಗೆ ತಿಳಿಯದೆಯೇ ಒಳಗೆ ಇಳಿದಿರುತ್ತದೆ. ಅದು ಹುಟ್ಟಿದ ಮೇಲೆ ನಾವು ಏನು ಮಾಡುತ್ತೇವೆ ಎಂಬುದು ಮಾತ್ರ ನಮ್ಮ ಕೈಯಲ್ಲಿದೆ. ಆ ದಂಪತಿಗಳು ಅದನ್ನು ದಾಟಿ ಬಂದರು.

ಪೋಲೀಸರು ದಾಟಲಿಲ್ಲ. ಈ ಪ್ರಕರಣದ ಎರಡನೆಯ ಅಪರಾಧ ಇಲ್ಲಿಂದ ಮೊದಲಾಗುತ್ತದೆ. ಸ್ಥಳಕ್ಕೆ ಬಂದ ಪೋಲೀಸರು ಬಿದ್ದ ಹುಡುಗನಿಗೆ ಸರಿಯಾದ ಪ್ರಥಮ ಚಿಕಿತ್ಸೆ ಕೊಡಲಿಲ್ಲ. ಕರಿಯ ಹುಡುಗರು, ರಾತ್ರಿಯ ಹೊತ್ತು, ರಕ್ತ ಎಂದೊಡನೆ ಇದು ಯಾವುದೋ ಹೊಡೆದಾಟವಿರಬೇಕೆಂಬ ಊಹೆ ಅವರ ತಲೆಯಲ್ಲಿ ಬಂದಿತು. ಕಣ್ಣಾರೆ ಕಂಡಿದ್ದ ಗೆಳೆಯನನ್ನು ಹಲ್ಲೆಗೊಳಗಾದವನೆಂದು ಕಂಡು ಸಮಾಧಾನವಾಗಿ ಕೇಳಿದ್ದರೆ, ಕೊಲೆಗಾರರು ಓಡಿದ ದಿಕ್ಕಿನಲ್ಲಿ ಆ ರಾತ್ರಿಯೇ ಹುಡುಕಬಹುದಿತ್ತು. ಮಗನನ್ನು ಕಳೆದುಕೊಂಡ ತಂದೆತಾಯಿಗಳಿಗೆ ತನಿಖೆಯ ವಿಷಯವನ್ನು ಸರಿಯಾಗಿ ತಿಳಿಸುವವರೂ ಇರಲಿಲ್ಲ.

ಹೆಸರುಗಳು ಸಿಗಲಿಲ್ಲವೆಂದೂ ಅಲ್ಲ. ಮರುದಿನದಿಂದಲೇ ಊರಿನ ಜನ ಸುಳಿವು ಕೊಡತೊಡಗಿದರು. ಸಾರ್ವಜನಿಕ ದೂರವಾಣಿಯ ಗೂಡಿನಲ್ಲಿ ಯಾರೋ ಒಂದು ಪತ್ರ ಇಟ್ಟುಹೋಗಿದ್ದರು, ಅದರಲ್ಲಿ ಹೆಸರುಗಳಿದ್ದವು. ಆದರೂ ಒಬ್ಬರನ್ನೂ ಬಂಧಿಸಲಿಲ್ಲ. ಶಂಕಿತರ ಮನೆಯೊಂದರಿಂದ ಬಟ್ಟೆ ತುಂಬಿದಂತೆ ತೋರುವ ಚೀಲ ಹೊರಗೆ ಹೋಗುವುದನ್ನು ಕಾವಲಿಗಿದ್ದ ಪೋಲೀಸ್ ಛಾಯಾಗ್ರಾಹಕರು ಕಂಡರು. ಅದನ್ನು ಯಾರೂ ತಡೆಯಲಿಲ್ಲ. ಮೇ ೬ರಂದು ತಾಯಿ ಡೊರೀನ್ ತಮಗೆ ತಿಳಿದ ಹೆಸರುಗಳನ್ನು ಒಂದು ಕಾಗದದಲ್ಲಿ ಬರೆದು ಹಿರಿಯ ಅಧಿಕಾರಿಯೊಬ್ಬರಿಗೆ ಕೊಟ್ಟರು. ಮಾತನಾಡುತ್ತಿದ್ದ ಹಾಗೆಯೇ ಆ ಅಧಿಕಾರಿ ಕಾಗದವನ್ನು ಮತ್ತೆ ಮತ್ತೆ ಮಡಚಿ ಸಣ್ಣದಾಗಿಸುತ್ತಿದ್ದುದನ್ನು ತಾವು ಕಂಡುದಾಗಿ ಆಕೆ ಮುಂದೆ ವಿಚಾರಣೆಯಲ್ಲಿ ಹೇಳಿದರು. ಅದೇ ದಿನ, ಲಂಡನ್ನಿಗೆ ಬಂದಿದ್ದ ನೆಲ್ಸನ್ ಮಂಡೇಲಾ ಈ ದಂಪತಿಗಳನ್ನು ಭೇಟಿಯಾದರು. ಪತ್ರಿಕೆಗಳಲ್ಲಿ ಸುದ್ದಿ ಬಂದಿತು. ಮೊದಲ ಬಂಧನಗಳಾದದ್ದು ಅದರ ಮರುದಿನ, ಮೇ ೭ರಂದು. ಆಗಲೇ ಹದಿನೈದು ದಿನ ಕಳೆದಿತ್ತು.

ಜುಲೈ ತಿಂಗಳಲ್ಲಿ ಸಾಕ್ಷ್ಯ ಸಾಲದೆಂದು ಸರ್ಕಾರದ ಕಡೆಯವರು ಮೊಕದ್ದಮೆಯನ್ನು ಕೈಬಿಟ್ಟರು. ತಂದೆತಾಯಿಗಳು ತಾವೇ ಖಾಸಗಿಯಾಗಿ ಮೊಕದ್ದಮೆ ಹೂಡಿದರು. ಅದೂ ೧೯೯೬ರ ಏಪ್ರಿಲ್‌ನಲ್ಲಿ ನ್ಯಾಯಾಲಯದಲ್ಲಿ ಬಿದ್ದುಹೋಯಿತು, ಮೂವರು ಖುಲಾಸೆಯಾದರು. ೧೯೯೭ರ ಫೆಬ್ರವರಿಯಲ್ಲಿ ಸಾವಿನ ಕಾರಣ ವಿಚಾರಿಸಿದ ಪಂಚರು, ಇದು ಐವರು ಬಿಳಿಯ ತರುಣರು ಯಾವ ಪ್ರಚೋದನೆಯೂ ಇಲ್ಲದೆ ಜನಾಂಗದ್ವೇಷದಿಂದ ಮಾಡಿದ ಕೊಲೆ ಎಂದು ತೀರ್ಮಾನ ಕೊಟ್ಟರು. ಅದೇ ವರ್ಷ ಜುಲೈಯಲ್ಲಿ ಸರ್ಕಾರ ಬಹಿರಂಗ ವಿಚಾರಣೆಗೆ ಆಜ್ಞೆ ಮಾಡಿತು. ನಿವೃತ್ತ ನ್ಯಾಯಾಧೀಶ ಸರ್ ವಿಲಿಯಂ ಮ್ಯಾಕ್‌ಫರ್ಸನ್ ಅದರ ಅಧ್ಯಕ್ಷರು. ೧೯೯೯ರ ಫೆಬ್ರವರಿ ೨೪ರಂದು ವರದಿ ಪ್ರಕಟವಾಯಿತು. ಅದರಲ್ಲಿ ೭೦ ಶಿಫಾರಸುಗಳಿದ್ದವು. ಅವುಗಳಲ್ಲಿಯೂ ಅದರ ವಿವೇಚನೆಯಲ್ಲಿಯೂ ಮೂರು ವಿಷಯಗಳನ್ನು ನಾವು ಅರ್ಥಮಾಡಿಕೊಳ್ಳಬೇಕು.

ಮೊದಲನೆಯದು, ಸಂಸ್ಥೆಯೊಳಗೆ ಸೇರಿಕೊಂಡ ಜನಾಂಗಭೇದ. ಇದರ ಅರ್ಥವೇನು? ಒಂದು ಕಚೇರಿಯನ್ನು ಕಲ್ಪಿಸಿಕೊಳ್ಳಿ. ಅಲ್ಲಿಯ ಗುಮಾಸ್ತರು ಕೆಟ್ಟವರಲ್ಲ, ಯಾರನ್ನೂ ಬೈಯುವವರಲ್ಲ. ಆದರೆ ಒಂದು ಬಗೆಯ ಜನ ಕಿಟಕಿಯ ಮುಂದೆ ಬಂದು ನಿಂತರೆ ಅವರ ಅರ್ಜಿ ಯಾವಾಗಲೂ ಕಟ್ಟಿನ ಅಡಿಗೆ ಹೋಗುತ್ತದೆ. 'ಇವರು ಹೀಗೆಯೇ' ಎಂಬ ಮಾತು ಹಳಬರಿಂದ ಹೊಸಬರಿಗೆ ಕೆಲಸದ ಜೊತೆಗೇ ಬರುತ್ತದೆ. ಕೇಳಿದರೆ, ನನ್ನ ಮನಸ್ಸಿನಲ್ಲಿ ಭೇದವಿಲ್ಲ ಎಂದು ಪ್ರತಿಯೊಬ್ಬರೂ ನಿಜವಾಗಿಯೇ ನಂಬಿ ಹೇಳುತ್ತಾರೆ. ಆದರೂ ಕೊನೆಗೆ ಆ ಜನರಿಗೆ ಸಲ್ಲಬೇಕಾದದ್ದು ಸಲ್ಲುವುದಿಲ್ಲ. ಅಜ್ಞಾನ, ಅಲಕ್ಷ್ಯ, ಅಚ್ಚು ಹಾಕಿದಂಥ ಊಹೆ, ಇವುಗಳಿಂದ ಒಂದು ಸಂಸ್ಥೆ ಒಟ್ಟಾಗಿ ಹೀಗೆ ಸೋಲುವುದಕ್ಕೆ ವರದಿ ಆ ಹೆಸರು ಕೊಟ್ಟಿತು. ಲಂಡನ್ ಪೋಲೀಸ್ ಇಲಾಖೆ ಹಾಗೆ ಸೋತಿದೆ ಎಂದು ಹೇಳಿತು.

ಎರಡನೆಯದು, ಫಿರ್ಯಾದನ್ನು ಬರೆದುಕೊಳ್ಳುವ ರೀತಿ. ಪೆಟ್ಟು ತಿಂದವನಾಗಲಿ ನೋಡಿದವನಾಗಲಿ ಇದು ಜನಾಂಗದ್ವೇಷದಿಂದ ಆಯಿತೆಂದು ಹೇಳಿದರೆ ಪೋಲೀಸರು ಅದನ್ನು ಹಾಗೆಂದೇ ದಾಖಲಿಸಿ ತನಿಖೆ ಮಾಡಬೇಕು ಎಂದು ವರದಿ ಸೂಚಿಸಿತು. ಹೇಳಿದ ಮಾತ್ರಕ್ಕೆ ಆಪಾದಿತನ ತಪ್ಪು ಸಿದ್ಧವಾಯಿತೆಂದು ಇದರ ಅರ್ಥವಲ್ಲ. ಅದನ್ನು ತೀರ್ಮಾನಿಸುವುದು ನ್ಯಾಯಾಲಯವೇ. ಆದರೆ, 'ಅಯ್ಯೋ, ಏನೋ ಹುಡುಗಾಟ' ಎಂದು ಠಾಣೆಯ ಮೇಜಿನಲ್ಲಿಯೇ ಮಾತು ಮುಗಿಸುವ ಅಧಿಕಾರ ಅಲ್ಲಿಯ ಅಧಿಕಾರಿಗೆ ಇರಬಾರದು.

ಮೂರನೆಯದು ಕಾನೂನಿನ ಒಂದು ಹಳೆಯ ತತ್ವ. ಒಂದೇ ಅಪರಾಧಕ್ಕಾಗಿ ಒಬ್ಬನನ್ನು ಎರಡು ಸಲ ವಿಚಾರಣೆಗೆ ಎಳೆಯಬಾರದೆಂಬುದು ಬ್ರಿಟನ್ನಿನಲ್ಲಿ ನೂರಾರು ವರ್ಷಗಳ ನಿಯಮ. ನಮ್ಮ ಸಂವಿಧಾನದ ೨೦ನೆಯ ಅನುಚ್ಛೇದದಲ್ಲಿಯೂ ಇಂಥ ರಕ್ಷಣೆ ಇದೆ. ಅಧಿಕಾರದಲ್ಲಿರುವವರು ಒಬ್ಬ ಪ್ರಜೆಯನ್ನು ಮತ್ತೆ ಮತ್ತೆ ಪೀಡಿಸಬಾರದೆಂದು ಅದರ ಉದ್ದೇಶ. ಆದರೆ ತನಿಖೆಯೇ ಕೆಟ್ಟು ಖುಲಾಸೆಯಾದವರ ಗತಿ ಏನು? ಬಹು ಘೋರವಾದ ಅಪರಾಧಗಳಲ್ಲಿ, ಹೊಸದಾದ ಬಲವಾದ ಸಾಕ್ಷ್ಯ ದೊರೆತರೆ, ಮೇಲಿನ ನ್ಯಾಯಾಲಯದ ಒಪ್ಪಿಗೆ ಪಡೆದು ಮರುವಿಚಾರಣೆ ನಡೆಸಬಹುದೆಂದು ೨೦೦೩ರಲ್ಲಿ ಕಾನೂನಾಯಿತು. ೨೦೦೫ರಿಂದ ಅದು ಜಾರಿಗೆ ಬಂದಿತು.

ಹೊಸ ಸಾಕ್ಷ್ಯ ದೊರೆಯಿತು. ೧೯೯೩ರಲ್ಲಿ ಶಂಕಿತರ ಮನೆಗಳಿಂದ ವಶಪಡಿಸಿಕೊಂಡಿದ್ದ ಬಟ್ಟೆಗಳನ್ನು ಹೊಸ ವಿಧಾನಗಳಿಂದ ಮತ್ತೆ ಪರೀಕ್ಷೆ ಮಾಡಿದರು. ಒಂದು ಜಾಕೆಟ್ಟಿನ ಕೊರಳಪಟ್ಟಿಯ ನೇಯ್ಗೆಯಲ್ಲಿ ಅರ್ಧ ಮಿಲಿಮೀಟರು ಉದ್ದ, ಕಾಲು ಮಿಲಿಮೀಟರು ಅಗಲದ ಒಂದು ರಕ್ತದ ಕಲೆ ಸಿಕ್ಕಿತು. ಸಾಸಿವೆಯ ಕಾಳಿಗಿಂತಲೂ ಎಷ್ಟೋ ಚಿಕ್ಕದು. ಅದು ಸ್ಟೀಫನ್ನನ ರಕ್ತವೆಂದು ಪರೀಕ್ಷೆಯಿಂದ ತಿಳಿಯಿತು. ೨೦೧೨ರ ಜನವರಿ ೩ರಂದು ಇಬ್ಬರನ್ನು ಅಪರಾಧಿಗಳೆಂದು ಪಂಚರು ಹೇಳಿದರು. ಮರುದಿನ ಇಬ್ಬರಿಗೂ ಜೀವಾವಧಿ ಶಿಕ್ಷೆಯಾಯಿತು. ಅವರಲ್ಲಿ ಒಬ್ಬ ೧೯೯೬ರಲ್ಲಿ ಖುಲಾಸೆಯಾಗಿದ್ದವನು. ಕೊಲೆಯಾಗಿ ಹದಿನೆಂಟು ವರ್ಷ ಕಳೆದಿತ್ತು. ಮಗ ಬದುಕಿದ್ದಷ್ಟೇ ಕಾಲವನ್ನು ತಂದೆತಾಯಿಗಳು ನ್ಯಾಯಕ್ಕಾಗಿ ಕಾದಿದ್ದರು. ದಾಳಿ ಮಾಡಿದವರು ಐದಾರು ಮಂದಿ; ನ್ಯಾಯಾಲಯ ಶಿಕ್ಷಿಸಿದ್ದು ಇಬ್ಬರನ್ನು.

ಅಲ್ಲಿಗೆ ಎಲ್ಲವೂ ಸರಿಹೋಯಿತೆಂದು ತಿಳಿಯಬಾರದು. ೨೦೨೩ರ ಮಾರ್ಚಿಯಲ್ಲಿ ಲೂಯಿಸ್ ಕೇಸಿ ಎಂಬವರು ಲಂಡನ್ ಪೋಲೀಸ್ ಇಲಾಖೆಯನ್ನು ಪರಿಶೀಲಿಸಿ ಕೊಟ್ಟ ವರದಿಯೂ, ಮ್ಯಾಕ್‌ಫರ್ಸನ್ ಹೇಳಿದ ದೋಷ ಅಲ್ಲಿ ಇನ್ನೂ ಉಳಿದಿದೆ ಎಂದೇ ಹೇಳಿತು. ಕಾನೂನು ಬರೆಯುವುದಕ್ಕೆ ಒಂದು ವರ್ಷ ಸಾಕು. ರೂಢಿ ಬದಲಾಗುವುದಕ್ಕೆ ಒಂದು ತಲೆಮಾರೂ ಸಾಲದು.

ಇಲ್ಲಿ ಓದುಗರಿಗೆ ಒಂದು ಪ್ರಶ್ನೆ ಬರಬಹುದು. ಕೊಲೆ ಕೊಲೆಯೇ, ಹಲ್ಲೆ ಹಲ್ಲೆಯೇ. ದ್ವೇಷದಿಂದ ಮಾಡಿದ ಅಪರಾಧಕ್ಕೆ ಹೆಚ್ಚಿನ ಶಿಕ್ಷೆ ಏಕೆ? ಬ್ರಿಟನ್ನಿನಲ್ಲಿ ೧೯೯೮ರ ಒಂದು ಕಾನೂನಿನ ಪ್ರಕಾರ, ಮೈಗೆ ಗಾಯ ಮಾಡುವ ಹಲ್ಲೆಗೆ ಐದು ವರ್ಷದವರೆಗೆ ಇದ್ದ ಸೆರೆವಾಸ, ಜನಾಂಗದ್ವೇಷವೂ ಸೇರಿದ್ದರೆ ಏಳು ವರ್ಷದವರೆಗೆ ಏರುತ್ತದೆ. ಮನಸ್ಸಿನ ವಿಚಾರಕ್ಕೆ ಶಿಕ್ಷೆ ಕೊಟ್ಟಂತಾಗಲಿಲ್ಲವೇ?

ಉತ್ತರ ಕಷ್ಟದ್ದಲ್ಲ. ಹಣಕ್ಕಾಗಿ ಒಬ್ಬನನ್ನು ದಾರಿಯಲ್ಲಿ ಹೊಡೆದರೆಂದು ಇಟ್ಟುಕೊಳ್ಳಿ. ಮರುದಿನದಿಂದ ಅವನು ಹಣವನ್ನು ಮನೆಯಲ್ಲಿಟ್ಟು ಹೊರಡಬಹುದು. ಮುಖಕ್ಕಾಗಿ ಹೊಡೆದರೆ? ಮುಖವನ್ನು ಮನೆಯಲ್ಲಿಟ್ಟು ಹೊರಡುವುದು ಹೇಗೆ? ಅಷ್ಟೇ ಅಲ್ಲ. ಹಣಕ್ಕಾಗಿ ಬಿದ್ದ ಪೆಟ್ಟು ಒಬ್ಬನಿಗೆ ಬೀಳುತ್ತದೆ. ಮುಖಕ್ಕಾಗಿ ಬಿದ್ದ ಪೆಟ್ಟಿನ ಸುದ್ದಿ ಕೇಳಿ ಅಂಥದೇ ಮುಖವಿರುವ ಪ್ರತಿಯೊಂದು ಮನೆಯಲ್ಲಿಯೂ ತಾಯಂದಿರು ಕತ್ತಲಾಗುವ ಮೊದಲೇ ಮಕ್ಕಳ ದಾರಿ ಕಾಯುತ್ತಾರೆ. ಪೆಟ್ಟು ಒಂದು, ಅದನ್ನು ತಿಂದವರು ಸಾವಿರಾರು. ಇನ್ನು ಮನಸ್ಸಿನ ಮಾತು. ಕೈತಪ್ಪಿ ಆದ ಸಾವಿಗೂ ಬೇಕೆಂದು ಮಾಡಿದ ಕೊಲೆಗೂ ಕಾನೂನು ಎಂದಿನಿಂದಲೂ ಬೇರೆ ಬೇರೆ ಶಿಕ್ಷೆ ವಿಧಿಸಿದೆ. ಉದ್ದೇಶವನ್ನು ತೂಗುವುದು ಹೊಸದೇನಲ್ಲ. ಮನಸ್ಸಿನೊಳಗೇ ಉಳಿದ ದ್ವೇಷವನ್ನು ಯಾರೂ ಶಿಕ್ಷಿಸುವುದಿಲ್ಲ. ಅದು ಕೈಗೆ ಬಂದಾಗ ಮಾತ್ರ ನ್ಯಾಯಾಧೀಶರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.

ಲಂಡನ್ ದೂರದ ಊರು, ಅಲ್ಲಿಯ ಕರಿಯ ಬಿಳಿಯರ ಜಗಳ ನಮಗೇಕೆ ಎಂದು ಯಾರಾದರೂ ಅಂದಾರು. ಪೆಟ್ಟು ಬೀಳದೆಯೇ ಸಾವಿರಾರು ಜನ ಪೆಟ್ಟು ತಿಂದದ್ದನ್ನು ನಾವು ನಮ್ಮ ಬೆಂಗಳೂರಿನಲ್ಲಿಯೇ ಕಂಡಿದ್ದೇವೆ. ೨೦೧೨ರ ಜುಲೈಯಲ್ಲಿ ಅಸ್ಸಾಮಿನ ಕೊಕ್ರಜಾರ್ ಕಡೆ ಬೋಡೋ ಜನರಿಗೂ ಅಲ್ಲಿಯ ಮುಸ್ಲಿಮರಿಗೂ ದೊಡ್ಡ ಗಲಭೆಯಾಯಿತು. ಅದಕ್ಕೆ ಪ್ರತೀಕಾರವಾಗಿ ದಕ್ಷಿಣದ ಊರುಗಳಲ್ಲಿ ಈಶಾನ್ಯ ರಾಜ್ಯಗಳವರ ಮೇಲೆ ದಾಳಿಯಾಗುತ್ತದೆಂಬ ವದಂತಿ ಮೊಬೈಲು ಸಂದೇಶಗಳ ಮೂಲಕ ಹಬ್ಬಿತು. ಆಗಸ್ಟ್ ೧೫, ಸ್ವಾತಂತ್ರ್ಯ ದಿನ. ಆ ಸಂಜೆ ಬೆಂಗಳೂರು ನಗರ ರೈಲು ನಿಲ್ದಾಣ ಅಸ್ಸಾಮು, ಮಣಿಪುರ, ನಾಗಾಲ್ಯಾಂಡುಗಳ ತರುಣ ತರುಣಿಯರಿಂದ ತುಂಬಿಹೋಯಿತು. ಕಾಲೇಜಿನಲ್ಲಿ ಓದುವವರು, ಕಟ್ಟಡಗಳಿಗೆ ಕಾವಲಿದ್ದವರು, ಹೋಟೆಲುಗಳಲ್ಲಿ ದುಡಿಯುತ್ತಿದ್ದವರು, ಕೈಗೆ ಸಿಕ್ಕ ಗಂಟು ಹಿಡಿದು ಸುಮಾರು ಮೂರು ಸಾವಿರ ಕಿಲೋಮೀಟರು ದೂರದ ಗುವಾಹಾಟಿಗೆ ಹೊರಟುನಿಂತರು. ರೈಲ್ವೆಯವರು ವಿಶೇಷ ಗಾಡಿಗಳನ್ನು ಬಿಡಬೇಕಾಯಿತು. ಕೆಲವೇ ದಿನಗಳಲ್ಲಿ ಸಾವಿರಾರು ಮಂದಿ ಊರು ಬಿಟ್ಟರು. ಮಂತ್ರಿಗಳು ನಿಲ್ದಾಣಕ್ಕೆ ಹೋಗಿ ಅಭಯ ಕೊಟ್ಟರು. ಮುಸ್ಲಿಂ ಮುಖಂಡರೂ ಸೇರಿದಂತೆ ನಗರದ ಹಲವರು ಹೋಗಿ, ಹೋಗಬೇಡಿ, ನಾವಿದ್ದೇವೆ ಎಂದು ಕೇಳಿಕೊಂಡರು. ಆ ತಿಂಗಳು ಕೇಂದ್ರ ಸರ್ಕಾರ ಹದಿನೈದು ದಿನಗಳ ಕಾಲ ಸಂದೇಶಗಳನ್ನು ರಾಶಿಯಾಗಿ ಕಳಿಸುವುದನ್ನೇ ನಿಲ್ಲಿಸಿತು. ವದಂತಿಯಲ್ಲಿ ಹೇಳಿದ್ದ ಮಹಾ ದಾಳಿ ನಡೆಯಲೇ ಇಲ್ಲ. ಹೋದವರಲ್ಲಿ ಎಷ್ಟೋ ಜನ ಮುಂದೆ ಹಿಂತಿರುಗಿದರು.

ವದಂತಿ ಸುಳ್ಳಾಯಿತು, ಸರಿ. ಆದರೆ ಅವರು ಅದನ್ನು ಅಷ್ಟು ಬೇಗ ನಂಬಿದ್ದು ಏಕೆ? ಬಸ್ಸಿನಲ್ಲಿ, ಅಂಗಡಿಯಲ್ಲಿ, ಬಾಡಿಗೆ ಮನೆಯ ಮೆಟ್ಟಿಲ ಮೇಲೆ ದಿನವೂ ಕೇಳಿದ ಸಣ್ಣ ಮಾತುಗಳು ಅವರನ್ನು ಮೊದಲೇ ಅದಕ್ಕೆ ಅಣಿ ಮಾಡಿದ್ದವು. 'ಚಿಂಕಿ' ಎಂಬ ಕೂಗು, 'ನೀವು ಚೀನಾದವರೋ ನೇಪಾಳದವರೋ' ಎಂಬ ಪ್ರಶ್ನೆ, ಹಿಂದಿನಿಂದ ಬರುವ ನಗು. ನಮ್ಮವರೇ ಆಗಿ ನಮ್ಮ ಮೇಲೆ ನಂಬಿಕೆ ಇದ್ದಿದ್ದರೆ, ಆ ಸಂಜೆ ಅವರು ಪಕ್ಕದ ಮನೆಯ ಬಾಗಿಲು ತಟ್ಟುತ್ತಿದ್ದರು; ರೈಲು ನಿಲ್ದಾಣಕ್ಕೆ ಓಡುತ್ತಿರಲಿಲ್ಲ.

ಸಣ್ಣ ಮಾತು ದೊಡ್ಡದಾಗುವುದಕ್ಕೆ ಹೆಚ್ಚು ಹೊತ್ತು ಬೇಡ. ೨೦೧೪ರ ಜನವರಿಯಲ್ಲಿ ದೆಹಲಿಯ ಲಾಜಪತ್ ನಗರದಲ್ಲಿ ಅರುಣಾಚಲ ಪ್ರದೇಶದ ವಿದ್ಯಾರ್ಥಿ ನೀಡೋ ತಾನಿಯಾನ ಕೂದಲನ್ನೂ ರೂಪವನ್ನೂ ಕೆಲವರು ಗೇಲಿ ಮಾಡಿದರು. ಅವನು ಸಿಟ್ಟಾದ. ಜಗಳ ಬೆಳೆದು ಅವನನ್ನು ಹೊಡೆದರು. ಮರುದಿನ ಅವನು ತೀರಿಕೊಂಡ. ಆ ಬಳಿಕ ಕೇಂದ್ರ ಸರ್ಕಾರ ಎಂ. ಪಿ. ಬೆಜ್‌ಬರುವಾ ಅವರ ನೇತೃತ್ವದಲ್ಲಿ ಸಮಿತಿಯೊಂದನ್ನು ನೇಮಿಸಿತು. ಜನಾಂಗವನ್ನು ಹೀಯಾಳಿಸುವ ಮಾತು, ಕೃತ್ಯಗಳಿಗೆ ದಂಡಸಂಹಿತೆಯಲ್ಲಿ ಪ್ರತ್ಯೇಕ ಕಲಮು ಇರಬೇಕೆಂದೂ, ಈಶಾನ್ಯದ ಚರಿತ್ರೆಯನ್ನು ದೇಶದ ಎಲ್ಲ ಮಕ್ಕಳಿಗೂ ಕಲಿಸಬೇಕೆಂದೂ ಆ ಸಮಿತಿ ಹೇಳಿತು. ೨೦೨೦ರ ಮಾರ್ಚಿಯಲ್ಲಿ, ಕೊರೋನಾ ರೋಗದ ಭಯ ಹೊಸದಾಗಿದ್ದಾಗ, ನಮ್ಮ ಮೈಸೂರಿನಲ್ಲಿಯೇ ನಾಗಾಲ್ಯಾಂಡಿನ ಇಬ್ಬರು ವಿದ್ಯಾರ್ಥಿಗಳನ್ನು ಪರದೇಶದವರೆಂದು ಹೇಳಿ ಒಂದು ದಿನಸಿ ಮಳಿಗೆಯೊಳಕ್ಕೆ ಬಿಡಲಿಲ್ಲ. ಆಧಾರ್ ಚೀಟಿ ತೋರಿಸಿದರೂ ಬಿಡಲಿಲ್ಲ. ಚೀಟಿಯಲ್ಲಿ ಅವರ ಹೆಸರಿತ್ತು. ಅದನ್ನು ಓದುವ ಮನಸ್ಸಿರಲಿಲ್ಲ.

ನಮ್ಮ ಕಾನೂನು ಏನು ಹೇಳುತ್ತದೆ? ಸಂವಿಧಾನದ ೧೫ನೆಯ ಅನುಚ್ಛೇದವು ಮತ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇವುಗಳ ಕಾರಣದಿಂದ ರಾಜ್ಯವು ಯಾವ ಪ್ರಜೆಗೂ ಭೇದ ಮಾಡಬಾರದೆನ್ನುತ್ತದೆ. ೧೯ನೆಯದು, ದೇಶದ ಯಾವ ಭಾಗದಲ್ಲಾದರೂ ಸಂಚರಿಸುವ, ನೆಲೆಸುವ ಹಕ್ಕು ಕೊಡುತ್ತದೆ. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ ೧೦೩ನೆಯ ಕಲಮಿನ ಪ್ರಕಾರ, ಐದು ಅಥವಾ ಹೆಚ್ಚು ಜನ ಸೇರಿ ಜನಾಂಗ, ಜಾತಿ, ಭಾಷೆ, ಹುಟ್ಟಿದ ಸ್ಥಳ ಮುಂತಾದ ಕಾರಣಗಳಿಂದ ಕೊಲೆ ಮಾಡಿದರೆ ಪ್ರತಿಯೊಬ್ಬನಿಗೂ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ಉಂಟು. ಇದು ಒಂದು ಹೆಜ್ಜೆ. ಆದರೆ ನಾಲ್ವರು ಸೇರಿ ಮಾಡಿದರೆ ಈ ವಿಶೇಷ ಕಲಮಿಗೆ ಅದು ಒಳಪಡುವುದಿಲ್ಲ. ಬೀದಿಯ ಬೈಗುಳ ಇದರ ಅಳತೆಗೆ ಬರುವುದೇ ಇಲ್ಲ. ಪೆಟ್ಟು ಬಿದ್ದ ಮೇಲೆ ಬರುವುದು ಕಾನೂನು. ಅದಕ್ಕೆ ಮೊದಲಿನ ಕೆಲಸ ಮನೆಗಳಲ್ಲಿ ಆಗಬೇಕಾದದ್ದು.

ಆ ಕೆಲಸ ಏನೆಂದರೆ ಅಷ್ಟು ದೊಡ್ಡದೇನಲ್ಲ. ನಿಮ್ಮ ಮನೆಯ ಮಹಡಿಯ ಕೋಣೆ ಖಾಲಿ ಇದ್ದು, ಬಾಗಿಲಿಗೆ 'ಬಾಡಿಗೆಗೆ ಇದೆ' ಎಂಬ ಹಲಗೆ ತೂಗುಹಾಕಿದ್ದೀರಿ ಎನ್ನೋಣ. ಈಶಾನ್ಯದ ಹುಡುಗಿಯೊಬ್ಬಳೋ ಆಫ್ರಿಕಾದಿಂದ ಓದಲು ಬಂದ ಹುಡುಗನೋ ಬಂದು ವಿಚಾರಿಸಿದಾಗ, ಮುಖ ನೋಡಿದೊಡನೆ 'ಆಗಲೇ ಕೊಟ್ಟುಬಿಟ್ಟಿದ್ದೇವೆ' ಎಂಬ ಮಾತು ಬಾಯಿಗೆ ಬರಬಹುದು. ಆ ರಾತ್ರಿ ಎಲ್ಟಮ್‌ನಲ್ಲಿ ನಡೆದುಹೋಗುತ್ತಿದ್ದ ಮನುಷ್ಯನಿಗೂ ಅಂಥದೊಂದು ಮಾತು ಮನಸ್ಸಿಗೆ ಬಂದಿತ್ತು. ಅದನ್ನು ಬಾಯಲ್ಲಿಯೇ ತಡೆದು, ಯಾರಿಗಾದರೂ ಕೇಳುವುದನ್ನೇ ಅವರಿಗೂ ಕೇಳಿರಿ. ಹೆಸರೇನಮ್ಮ? ಯಾವೂರು? ಏನು ಓದುತ್ತಿದ್ದೀ? ಹೆಸರು ನಾಲಿಗೆಗೆ ಹೊಸದಾದರೆ ಇನ್ನೊಮ್ಮೆ ಹೇಳಿಸಿಕೊಂಡು ಸರಿಯಾಗಿ ಕಲಿತುಕೊಳ್ಳಿರಿ. ಮನೆಯ ಮಕ್ಕಳು ಅಲ್ಲಿಯೇ ನಿಂತು ಕೇಳುತ್ತಿರುತ್ತಾರೆ. ಮರುದಿನ ಬೀದಿಯಲ್ಲಿ ಅವರು ಕೂಗುವುದು ಆ ಹೆಸರನ್ನೋ ಬೈಗುಳವನ್ನೋ ಎಂಬುದು ಅಲ್ಲಿಯೇ ತೀರ್ಮಾನವಾಗುತ್ತದೆ. ಬಾಡಿಗೆಯ ಮಾತುಕತೆ ಆಮೇಲೆ ಇದ್ದೇ ಇದೆ.

ಬ್ರಿಟನ್ನಿನಲ್ಲಿ ಈಗ ಏಪ್ರಿಲ್ ೨೨ನ್ನು ಸ್ಟೀಫನ್ ಲಾರೆನ್ಸ್ ದಿನವೆಂದು ಆಚರಿಸುತ್ತಾರೆ. ಶಾಲೆಯ ಮಕ್ಕಳಿಗೆ ಅವನ ಕಥೆ ಹೇಳುತ್ತಾರೆ. ಅವನು ಸೇರಬೇಕೆಂದಿದ್ದ ವೃತ್ತಿಯಲ್ಲಿ, ಒಳ್ಳೆಯ ಕಟ್ಟಡ ಕಟ್ಟಿದ ವಾಸ್ತುಶಿಲ್ಪಿಗಳಿಗೆ ಕೊಡುವ ಒಂದು ಬಹುಮಾನಕ್ಕೆ ೧೯೯೮ರಿಂದ ಅವನ ಹೆಸರಿದೆ. ಅವನನ್ನು ಕೊಂದವರು ಆ ಹೆಸರನ್ನು ಕೇಳಿರಲಿಲ್ಲ.